ಹಳದಿ ದಾರದ ನಂಬರು

"ಹಳದಿ," ಅಂದಳು ನಾದಿನಿ.

ಜಾಯಿಂಟರ್ ಚಹಾದ ಲೋಟವನ್ನು ಹೊಲಿಗೆ ಯಂತ್ರದ ಮೇಲೆ ಇಡಲು ಹೋದವನು, ಮನೆಯೊಡತಿಯ ಕಣ್ಣು ಲೋಟದ ಮೇಲೇ ಇರುವುದನ್ನು ಕಂಡು ಕೈ ಹಿಂದಕ್ಕೆ ಎಳೆದುಕೊಂಡ.

"ಸರಿಯಾಗಿ ನೋಡು. ಹಸಿರು ಇರಬಹುದು."

"ಭಾವ, ಹಳದಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗದೇ ಇರೋದು ನಿಮಗೆ. ನೀವು ಹಾಕ್ಕೊಂಡಿರೋ ಅಂಗಿ ನೋಡಿದ್ರೆ ಸಾಕು."

ಮೇಜಿನ ಮೇಲೆ ಮೂರು ದಾರದ ರೀಲುಗಳು ಸಾಲಾಗಿ ನಿಂತಿದ್ದವು. ಕೆಂಪು, ಹಳದಿ, ಹಸಿರು. ಒಂದೊಂದರ ಕೆಳಗೂ ಒಂದು ಚೀಟಿ, ಚೀಟಿಯಲ್ಲಿ ಒಂದು ಉದ್ದನೆಯ ನಂಬರು, ನಂಬರಿನ ಕೆಳಗೆ ಒಬ್ಬರ ಗುರುತು. ಹಳದಿ ರೀಲಿನ ಕೆಳಗಿನ ಚೀಟಿಯಲ್ಲಿ 'ಹಲ್ಲಿನ ಡಾಕ್ಟರು' ಎಂದು ದುಂಡಗೆ ಬರೆದಿತ್ತು.

ಬರೆದವರು ಮನೆಯೊಡತಿಯೇ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದ ಟೀಚರ್ ಅವರು. ನಿವೃತ್ತಿಯ ಮೇಲೆ ಚದುರಂಗ ಹಿಡಿದು, ನಾಲ್ಕೇ ವರ್ಷದಲ್ಲಿ ಊರಿನ ಚದುರಂಗ ಕ್ಲಬ್ಬಿನ ಅಂತಿಮ ಸುತ್ತಿಗೆ ಬಂದು ಕುಳಿತಿದ್ದರು. ಐದು ಪಂದ್ಯಗಳ ಸುತ್ತು, ಇಬ್ಬರೂ ತಮ್ಮ ತಮ್ಮ ಮನೆಯಿಂದ ಇಂಟರ್‌ನೆಟ್ಟಿನಲ್ಲಿ ಆಡಬೇಕು. ಮೊದಲ ಎರಡರಲ್ಲೂ ಟೀಚರ್ ಗೆಲ್ಲುವ ಹೊತ್ತಿಗೆ ಸರಿಯಾಗಿ ಇಂಟರ್‌ನೆಟ್ ಸತ್ತುಹೋಗಿ, ಗಡಿಯಾರ ಓಡಿ, ಸೋತಿದ್ದರು. ಮೂರನೆಯದು ಇವತ್ತು ಮಧ್ಯಾಹ್ನ ನಾಲ್ಕಕ್ಕೆ. ಇದೂ ಹೋದರೆ ಎಲ್ಲವೂ ಹೋದಂತೆ.

ಸೋತದ್ದಕ್ಕಿಂತ ಅವರಿಗೆ ಚುಚ್ಚಿದ್ದು ಕ್ಲಬ್ಬಿನಲ್ಲಿ ಹಬ್ಬಿದ್ದ ಮಾತು. ಗಾಬರಿಯಾದಾಗ ಟೀಚರೇ ವೈರು ಕೀಳುತ್ತಾರಂತೆ, ಸೋತರೂ ಮರ್ಯಾದೆ ಉಳಿಯಲಿ ಅಂತ.

"ಹಾಗಾದ್ರೆ ಆ ಡಾಕ್ಟರದೇ ಕೆಲಸ," ಅಂದ ಜಾಯಿಂಟರ್, ಲೋಟವನ್ನು ಕೊನೆಗೂ ಕಿಟಕಿಯ ದಂಡೆಯ ಮೇಲಿಟ್ಟು. "ಮುಗೀತಲ್ಲ. ಹನ್ನೊಂದು ಗಂಟೆಗೇ ಕೇಸು ಮುಗಿಸಿದ್ದು ನನ್ನ ಜೀವನದಲ್ಲಿ ಇದೇ ಮೊದಲು."

"ಮುಗಿದಿಲ್ಲ. ಹಳದಿ ನಂಬರಿಗೆ ದಾಳಿ ಬಂದಿದೆ, ಅಷ್ಟೇ."

ಜಾಯಿಂಟರನಿಗೆ ಈ 'ಅಷ್ಟೇ' ಇಷ್ಟವಾಗಲಿಲ್ಲ. ಇಪ್ಪತ್ತಾರು ವರ್ಷ ಅವನು ಟೆಲಿಫೋನ್ ಇಲಾಖೆಯಲ್ಲಿ ಗುಂಡಿಗಿಳಿದು ನೆಲದಡಿಯ ತಂತಿಗಳನ್ನು ಜೋಡಿಸಿದವನು. ಹಾಗಾಗಿಯೇ ಜಾಯಿಂಟರ್, ಅಮ್ಮ ಇಟ್ಟ ಹೆಸರು ಈಗ ಅವನ ಹೆಂಡತಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ. ಇಲಾಖೆ ಬಿಟ್ಟ ಮೇಲೆ ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಫೋನ್ ರಿಪೇರಿ ಅಂಗಡಿ ತೆರೆದು, ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಪತ್ತೆ ಕೆಲಸವನ್ನೂ ಮಾಡಿಕೊಡಲಾಗುವುದು' ಎಂದು ಬರೆಸಿದ್ದ. ತಂತಿಯಲ್ಲಿ ದೋಷ ಎಲ್ಲಿದೆ ಎಂದು ಕೈ ಇಟ್ಟು ಹೇಳಬಲ್ಲವನಿಗೆ ತಂತಿಯೇ ಇಲ್ಲದ ಕಡೆ ದೋಷ ಹುಡುಕುವುದು ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಹೆಂಡತಿಯ ತಂಗಿ ಬೇಕಾಗುತ್ತಿದ್ದಳು. ಅವಳು ಇಂಟರ್‌ನೆಟ್ ಕಂಪನಿಯೊಂದರಲ್ಲಿ ಮನೆಮನೆಗೆ ಸಂಪರ್ಕ ಕೊಡುವ ವಿಭಾಗ ನೋಡಿಕೊಳ್ಳುವವಳು. ಬುದ್ಧಿ ಚುರುಕು, ನಾಲಿಗೆ ಇನ್ನೂ ಚುರುಕು.

"ಇನ್ನೊಂದು ಸಲ ಹೇಳಮ್ಮ ಅದನ್ನ," ಅಂದರು ಟೀಚರ್, ಸೂಜಿಗೆ ದಾರ ಪೋಣಿಸುತ್ತ. ಪಂದ್ಯದ ದಿನ ಕೈ ಸುಮ್ಮನಿರಬಾರದು ಎಂದು ಅವರು ಹಳೆಯ ದಿಂಬಿನ ಚೀಲವೊಂದಕ್ಕೆ ಅಂಚು ಹೊಲಿಯುತ್ತಿದ್ದರು. "ನಿನ್ನೆ ರಾತ್ರಿ ಅರ್ಥವಾಗಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಹೋಗಿದೆ."

"ನಿಮ್ಮ ಮನೆ ಇಂಟರ್‌ನೆಟ್ಟಿಗೆ ಒಂದು ನಂಬರಿರುತ್ತೆ ಟೀಚರ್. ಆ ನಂಬರು ಯಾರಿಗಾದ್ರೂ ಗೊತ್ತಾದ್ರೆ, ಸಾವಿರಾರು ಕಂಪ್ಯೂಟರುಗಳಿಂದ ಒಂದೇ ಸಲಕ್ಕೆ ಆ ಬಾಗಿಲು ತಟ್ಟಿಸಬಹುದು. ಒಳಗೆ ಬರೋ ಉದ್ದೇಶವೇ ಇಲ್ಲ. ಸುಮ್ಮನೆ ತಟ್ಟೋದು. ಆ ನೂಕುನುಗ್ಗಲಲ್ಲಿ ನಿಮ್ಮ ಕುದುರೆ, ನಿಮ್ಮ ಆನೆ, ಯಾವುದೂ ಆಚೆ ಹೋಗೋಕಾಗಲ್ಲ."

"ಅಂಗಡಿ ಫೋನಿಗೆ ನೂರು ಜನ ಸುಮ್ಮಸುಮ್ಮನೆ ಕರೆ ಮಾಡ್ತಾ ಇದ್ರೆ ನಿಜವಾದ ಗಿರಾಕಿಗೆ ಲೈನೇ ಸಿಗಲ್ಲ ನೋಡಿ, ಹಾಗೆ," ಅಂದ ಜಾಯಿಂಟರ್. ತನ್ನ ಕಾಲದಲ್ಲೂ ಇದೆಲ್ಲ ಇತ್ತು ಎಂದು ಹೇಳುವ ಅವಕಾಶವನ್ನು ಅವನು ಬಿಡುವವನಲ್ಲ.

"ಹಾಗೇ. ಅದಕ್ಕೆ ಇವತ್ತು ಬೆಳಿಗ್ಗೆ ಮೊದಲು ಮನೆ ನಂಬರನ್ನೇ ಬದಲಾಯಿಸಿದ್ವಿ. ಹಳೇದು ಆ ಪುಣ್ಯಾತ್ಮನ ಕೈಲಿತ್ತಲ್ಲ. ಆಮೇಲೆ ಮೇಲೊಂದು ವಿಪಿಎನ್ ಹಾಕಿದ್ವಿ. ಅಂದ್ರೆ ನಿಮ್ಮ ಕಂಪ್ಯೂಟರಿನಿಂದ ಒಂದು ದೊಡ್ಡ ಕಂಪನಿಯ ಕಟ್ಟಡದವರೆಗೆ ಮುಚ್ಚಿದ ದಾರಿ. ಅಲ್ಲಿಂದಾಚೆಗೆ ಲೋಕಕ್ಕೆ ಕಾಣೋದು ಅವರ ನಂಬರು, ನಿಮ್ಮದಲ್ಲ. ತಟ್ಟೋರು ಅವರ ಬಾಗಿಲು ತಟ್ಕೊಳ್ಳಲಿ. ಅವರ ಬಾಗಿಲು ದಪ್ಪ, ಕಾವಲಿನವರೂ ಜಾಸ್ತಿ. ಒಂದು ನಂಬರು ಹಾಳಾದ್ರೆ ಇನ್ನೊಂದಕ್ಕೆ ಹೋದ್ರಾಯ್ತು."

ಮೂರು ಬಣ್ಣದ ಉಪಾಯ ಹುಟ್ಟಿದ್ದು ಅಲ್ಲಿಂದಲೇ. ವಿಪಿಎನ್ ಕಂಪನಿಯಿಂದ ನಾದಿನಿ ಬೇರೆ ಬೇರೆ ನಾಲ್ಕು ನಂಬರು ತೆಗೆದುಕೊಂಡಿದ್ದಳು. ಬೆಳಿಗ್ಗೆ ಒಂಬತ್ತೂವರೆಯಿಂದ ಟೀಚರ್ ಅನುಮಾನಿತರು ಮೂವರಿಗೂ ಒಂದೊಂದು ವಿಡಿಯೊ ಕರೆ ಮಾಡಿ, ಕ್ಷೇಮ ವಿಚಾರಿಸಿ ಇಟ್ಟಿದ್ದರು. ಪ್ರತಿ ಕರೆಯೂ ಬೇರೆ ನಂಬರಿನಿಂದ. ಕರೆ ಎತ್ತಿದವರ ಕಂಪ್ಯೂಟರಿಗೆ ಮಾತ್ರ ಆ ನಂಬರು ಗೊತ್ತು. ಯಾವ ನಂಬರಿಗೆ ದಾಳಿ ಬಂತೋ ಆ ನಂಬರು ಸೋರಿದ್ದು ಅಲ್ಲಿಂದಲೇ. ಕೆಂಪು, ಕ್ಲಬ್ಬಿನ ಕಾರ್ಯದರ್ಶಿಗೆ. ಹಳದಿ, ಎದುರಾಳಿಯಾದ ಹಲ್ಲಿನ ಡಾಕ್ಟರಿಗೆ. ಹಸಿರು, ಟೀಚರ್ ಮನೆಯ ಕಂಪ್ಯೂಟರನ್ನು ಮೊದಲು ಜೋಡಿಸಿಕೊಟ್ಟ ಅಳಿಯನಿಗೆ.

ಅಳಿಯನ ಚೀಟಿ ಬರೆಯುವಾಗ ಟೀಚರ್ ಸ್ವಲ್ಪ ತಡೆದಿದ್ದರು. "ಅಳಿಯನ ಮೇಲೆ ಅನುಮಾನ ಪಡೋ ಹಕ್ಕು ನನ್ನದು. ನೀವು ಸುಮ್ಮನೆ ನನ್ನ ಜೊತೆಗಿರಿ," ಎಂದು ಹೇಳಿ ಆಮೇಲೆ ಬರೆದಿದ್ದರು.

ನಾಲ್ಕನೆಯದು ಬಿಳಿ. ಅದು ಪಂದ್ಯಕ್ಕೆ. ಅದರ ಚೀಟಿಯನ್ನು ಬರೆಯಲೇ ಇಲ್ಲ.

"ಅಳಿಯ ಅಲ್ಲ ಅಂತಾಯ್ತಲ್ಲ," ಅಂದರು ಟೀಚರ್. ಮುಖದಲ್ಲಿ ನೆಮ್ಮದಿಯೂ ಇತ್ತು, ಚೂರು ನಿರಾಸೆಯೂ ಇದ್ದ ಹಾಗಿತ್ತು.

ನಾದಿನಿ ಚೀಲ ಹೆಗಲಿಗೆ ಹಾಕಿಕೊಂಡಳು. "ಏಳಿ ಭಾವ. ನಿಮಗೆ ಹಲ್ಲುನೋವು."

"ನನಗೆಲ್ಲಿದೆ ಹಲ್ಲುನೋವು?"

"ಎಡಗಡೆ, ಹಿಂದೆ. ಹದಿನೈದು ದಿನದಿಂದ ಬಲಗಡೆಯಲ್ಲೇ ಅಗೀತಾ ಇದ್ದೀರಿ. ಅಕ್ಕನಿಗೆ ಗೊತ್ತಿಲ್ಲ ಅಂತ ನೀವು ಅಂದ್ಕೊಂಡಿದ್ದೀರಿ."

*

ಹಲ್ಲಿನ ಡಾಕ್ಟರ ಆಸ್ಪತ್ರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಗೆ ತಿಳಿನೀಲಿ ಬಣ್ಣ, ಮೂಲೆಯಲ್ಲಿ ಮೀನಿನ ತೊಟ್ಟಿ, ಅದರಲ್ಲಿ ಒಂದೇ ಒಂದು ದಪ್ಪ ಮೀನು. ಕಾಯುವ ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಜಾಯಿಂಟರ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಮೊದಲು ಹವಾಮಾನ, ಆಮೇಲೆ ಚದುರಂಗ, ಆಮೇಲೆ ತಟ್ಟನೆ ಹಳದಿ ನಂಬರು. ಆಗ ಮುಖ ನೋಡಬೇಕು. ಮುಖದಲ್ಲಿ ಎಲ್ಲ ಗೊತ್ತಾಗುತ್ತದೆ.

ಕುರ್ಚಿ ಹಿಂದಕ್ಕೆ ವಾಲಿತು. ಅವನಿಗೆ ಕಂಡದ್ದು ಡಾಕ್ಟರ ಮುಖಕ್ಕೆ ಕಟ್ಟಿದ ಬಟ್ಟೆ ಮತ್ತು ಕಣ್ಣು ಕುಕ್ಕುವ ದೀಪ, ಅಷ್ಟೇ.

"ಆ ಅನ್ನಿ."

"ಆ."

"ಇನ್ನೂ ದೊಡ್ಡದಾಗಿ. ಓಹೋ. ಎಷ್ಟು ದಿನದಿಂದ ಇದನ್ನ ಬಚ್ಚಿಟ್ಟುಕೊಂಡಿದ್ದೀರಿ?"

ಜಾಯಿಂಟರ್ ಹವಾಮಾನದ ಬಗ್ಗೆ ಹೇಳಲು ಹೊರಟ. ಬಂದದ್ದು "ಅಆ ಆ" ಅಷ್ಟೇ. ಡಾಕ್ಟರು ವಸಡಿಗೆ ಮರಗಟ್ಟುವ ಸೂಜಿ ಚುಚ್ಚಿ, "ಐದು ನಿಮಿಷ ಹೀಗೇ ಇರಿ," ಎಂದು ಬಾಯೊಳಗೆ ಹತ್ತಿ ತುರುಕಿದರು.

ನಾದಿನಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತಳು.

"ಡಾಕ್ಟ್ರೇ, ಐದು ನಿಮಿಷ ಇದೆಯಲ್ಲ. ಒಂದು ಮಾತು ಕೇಳ್ತೀನಿ. ಬೆಳಿಗ್ಗೆ ಟೀಚರ್ ನಿಮಗೆ ಕರೆ ಮಾಡಿದ್ರಾ?"

ಡಾಕ್ಟರ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಅವರು ಕೈಗವಸು ಕಳಚಿ, ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಗದ್ದಕ್ಕೆ ಇಳಿಸಿ ನಕ್ಕರು. ತುಂಬ ಸಮನಾದ ಹಲ್ಲುಗಳು.

"ಟೀಚರ್ ಕಡೆಯಿಂದ ಯಾರಾದ್ರೂ ಬರ್ತಾರೆ ಅಂತ ಗೊತ್ತಿತ್ತು. ಇಷ್ಟು ತಡ ಯಾಕೆ ಅಂತಲೇ ಯೋಚಿಸ್ತಾ ಇದ್ದೆ. ಎರಡು ಪಂದ್ಯ ಗೆದ್ದೋನು ನಾನೇ ತಾನೇ? ನಾನಾಗಿದ್ರೆ ಮೊದಲನೇ ದಿನವೇ ನನ್ನನ್ನ ಹಿಡಿದು ಕೇಳ್ತಿದ್ದೆ."

"ಟೀಚರ್ ಬೆಳಿಗ್ಗೆ ಒಂದು ನಂಬರಿನಿಂದ ನಿಮಗೆ ಕರೆ ಮಾಡಿದ್ರು. ಒಂದೂವರೆ ಗಂಟೆಯೊಳಗೆ ಆ ನಂಬರಿಗೆ ದಾಳಿ ಬಂತು. ಬೇರೆ ಯಾರಿಗೂ ಆ ನಂಬರು ಕೊಟ್ಟಿಲ್ಲ."

"ಆಂ," ಅಂದ ಜಾಯಿಂಟರ್ ಕುರ್ಚಿಯಿಂದ, ಮಾತಿಗೆ ತೂಕ ಕೊಡಲು.

ಡಾಕ್ಟರ ನಗು ನಿಂತಿತು. ಅವರು ಮೇಜಿನ ಡ್ರಾಯರ್ ಎಳೆದು ಒಂದು ಹಾಳೆ ತೆಗೆದು ನಾದಿನಿಯ ಕೈಗೆ ಕೊಟ್ಟರು. "ಓದಿ. ಜೋರಾಗಿ ಓದಿ, ಅವರಿಗೂ ಕೇಳಿಸಲಿ."

ನಾದಿನಿ ಓದಿದಳು. ಡಾಕ್ಟರು ಕ್ಲಬ್ಬಿಗೆ ಬರೆದ ಪತ್ರ. ಎರಡೂ ಪಂದ್ಯಗಳಲ್ಲಿ ತಾನು ಸೋಲುವ ಸ್ಥಿತಿಯಲ್ಲಿದ್ದದ್ದು ನಿಜ, ಎದುರಾಳಿಯ ಸಂಪರ್ಕ ಕಡಿದುಹೋದ ಕಾರಣಕ್ಕೆ ಸಿಕ್ಕ ಗೆಲುವು ತನಗೆ ಬೇಡ, ಎರಡನ್ನೂ ಮತ್ತೆ ಆಡಿಸಬೇಕು ಎಂದು ಅದರಲ್ಲಿತ್ತು. ಅಡಿಯಲ್ಲಿ ಕಾರ್ಯದರ್ಶಿಯ ಷರಾ, ಹಸಿರು ಶಾಯಿಯಲ್ಲಿ: ನಿಯಮದಲ್ಲಿ ಅವಕಾಶವಿಲ್ಲ.

"ನಾಲ್ಕು ವರ್ಷದಿಂದ ಆಡ್ತಾ ಇರೋ ಆಯಮ್ಮ ಹದಿನೆಂಟು ವರ್ಷದಿಂದ ಆಡ್ತಾ ಇರೋ ನನ್ನ ಮಂತ್ರಿಯನ್ನ ಹನ್ನೆರಡನೇ ನಡೆಗೇ ಕಟ್ಟಿಹಾಕಿದ್ರು," ಅಂದರು ಡಾಕ್ಟರು. "ಅದು ಹೇಗೆ ಮಾಡಿದ್ರು ಅಂತ ಇನ್ನೂ ತಿಳಿದಿಲ್ಲ. ಪೂರ್ತಿ ಆಟ ಆಡಿದ್ರೆ ತಾನೇ ತಿಳಿಯೋದು? ಮದುವೆ ಮನೆಗೆ ಕರೆದು, ಎಲೆ ಹಾಕಿ, ಬಡಿಸೋ ಮೊದಲೇ ಎಬ್ಬಿಸಿದ ಹಾಗಾಗಿದೆ ನನಗೆ."

ಜಾಯಿಂಟರನಿಗೆ ಮುಖ ನೋಡಬೇಕಿತ್ತು. ಕತ್ತು ವಾರೆ ಮಾಡಿ ನೋಡಿದ. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಒಳ್ಳೆಯ ಕೆಲಸ ಅರ್ಧಕ್ಕೇ ನಿಂತವರ ಮುಖ ಅದು. ಗುಂಡಿಯೊಳಗೆ ನೂರು ಜೊತೆ ತಂತಿಗಳಲ್ಲಿ ಐವತ್ತನ್ನು ಜೋಡಿಸಿದಾಗ ಮೇಲಿನಿಂದ ಎದ್ದು ಬಾ ಎಂದವರ ಮೇಲೆ ತನಗೆ ಬರುತ್ತಿದ್ದ ಸಿಟ್ಟು ಅವನಿಗೆ ನೆನಪಾಯಿತು.

"ಹಾಗಾದ್ರೆ ನಂಬರು ಹೊರಗೆ ಹೋದದ್ದು ಹೇಗೆ?" ನಾದಿನಿ ಬಿಡಲಿಲ್ಲ.

"ಅದನ್ನೇ ಯೋಚಿಸ್ತಾ ಇದ್ದೀನಿ. ನಾನು ಆ ಕರೆ ತಗೊಂಡದ್ದು ಇಲ್ಲಿ ಅಲ್ಲ."

"ಮತ್ತೆಲ್ಲಿ?"

"ಕ್ಲಬ್ಬಿನಲ್ಲಿ. ಇವತ್ತಿನ ಪಂದ್ಯದ ಕಾಗದಕ್ಕೆ ಸಹಿ ಹಾಕೋಕೆ ಕಾರ್ಯದರ್ಶಿ ಬರೋಕೆ ಹೇಳಿದ್ರು. ಅಲ್ಲಿದ್ದಾಗ ಟೀಚರ್ ಫೋನ್ ಮಾಡಿ ವಿಡಿಯೊದಲ್ಲಿ ಮಾತಾಡೋಣ ಅಂದ್ರು. ಕ್ಲಬ್ಬಿನ ಕಂಪ್ಯೂಟರಿನಲ್ಲೇ ತಗೊಂಡೆ. ಕಾರ್ಯದರ್ಶಿ ಪಕ್ಕದಲ್ಲೇ ಕೂತು ಬಾಳೆಹಣ್ಣು ತಿಂತಾ ಇದ್ರು."

ನಾದಿನಿ ಜಾಯಿಂಟರನ ಕಡೆ ನೋಡಿದಳು. ಜಾಯಿಂಟರ್ ಹುಬ್ಬು ಏರಿಸಿದ. ಅವನಿಂದ ಆಗುತ್ತಿದ್ದದ್ದು ಅಷ್ಟೇ.

"ಕಾರ್ಯದರ್ಶಿಗೆ ಟೀಚರ್ ಮಾಡಿದ ಕರೆ?"

"ಅದನ್ನ ಅವರು ಮೊಬೈಲಿನಲ್ಲಿ ತಗೊಂಡ್ರು, ಹೊರಗೆ ಮೆಟ್ಟಿಲ ಮೇಲೆ ನಿಂತು."

ಅಲ್ಲಿಗೆ ಒಂದು ವಿಷಯ ನೆಟ್ಟಗಾಯಿತು. ಹಳದಿ ನಂಬರು ಸೋರಿದ್ದು ಡಾಕ್ಟರಿಂದಲ್ಲ, ಕ್ಲಬ್ಬಿನ ಕಂಪ್ಯೂಟರಿನಿಂದ.

"ಈಗ ನಾನೊಂದು ಕೇಳ್ಲಾ?" ಡಾಕ್ಟರು ಕೈಗವಸು ಮತ್ತೆ ಹಾಕಿಕೊಂಡರು. "ಇವತ್ತು ಸಂಪರ್ಕ ಕಡಿಯಲ್ಲ ತಾನೇ?"

"ಕಡಿಯದ ಹಾಗೆ ನೋಡ್ಕೊಳ್ತೀವಿ."

"ಹಾಗಾದ್ರೆ ಸೋತ್ರೂ ಪರವಾಗಿಲ್ಲ." ಅವರು ಇಕ್ಕಳ ಎತ್ತಿಕೊಂಡರು. "ಇವರ ಹಲ್ಲು ಮಾತ್ರ ಉಳಿಯಲ್ಲ."

*

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಟೀಚರ ಮುಂದಿನ ಕೋಣೆಯಲ್ಲಿ ಮೂವರೂ ಕುಳಿತಿದ್ದರು. ಜಾಯಿಂಟರನ ಎಡಗೆನ್ನೆ ಊದಿಕೊಂಡು, ತುಟಿ ಒಂದು ಕಡೆ ಜೋತುಬಿದ್ದಿತ್ತು. ಟೀಚರ್ ಕೊಟ್ಟ ನೀರನ್ನು ಅವನು ಅರ್ಧ ಕುಡಿದು ಅರ್ಧವನ್ನು ಅಂಗಿಗೆ ಕುಡಿಸಿದ್ದ.

"ಕಾರ್ಯದರ್ಶಿಯನ್ನ ಈಗಲೇ ಹೋಗಿ ಹಿಡೀಬೇಕಿತ್ತು," ಅಂದ. ಮಾತು ಹತ್ತಿಯ ಮೂಟೆಯೊಳಗಿಂದ ಬಂದ ಹಾಗಿತ್ತು.

"ಮೊದಲು ಆಟ. ಈಗ ಹೋದ್ರೆ ಅವರು ಪಂದ್ಯವನ್ನೇ ಮುಂದಕ್ಕೆ ಹಾಕ್ತಾರೆ," ಅಂದಳು ನಾದಿನಿ.

ಟೀಚರ್ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಬೆನ್ನು ನೇರ ಮಾಡಿ ಕುಳಿತರು. ಒಬ್ಬೊಬ್ಬರಿಗೆ ಹದಿನೈದು ನಿಮಿಷದ ಆಟ. ಗಡಿಯಾರ ಶುರುವಾಯಿತು.

ಅವರು ಆಡುವುದನ್ನು ನೋಡುವುದೇ ಒಂದು ಚೆಂದ. ಯಾವ ನಡೆಗೂ ಆತುರವಿಲ್ಲ. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವವರ ಹಾಗೆ ಮೊದಲು ಕಣ್ಣಲ್ಲೇ ಅಳೆಯುವರು, ಆಮೇಲೆ ಒಂದೇ ಸಲ ಕೈ ಹಾಕುವರು. ಚದುರಂಗದಲ್ಲಿ ಕುದುರೆ ಹೇಗೆ ಹೋಗುತ್ತದೆ ಎನ್ನುವಷ್ಟು ಮಾತ್ರ ತಿಳಿದಿದ್ದ ಜಾಯಿಂಟರನಿಗೂ ಡಾಕ್ಟರ ಸೈನಿಕರು ಒಬ್ಬೊಬ್ಬರಾಗಿ ಮೂಲೆಗೆ ಸರಿಯುತ್ತಿರುವುದು ಕಾಣಿಸಿತು.

"ಬಂತು," ಅಂದಳು ನಾದಿನಿ ನಾಲ್ಕೂ ಹತ್ತಕ್ಕೆ. ಅವಳ ಮಡಿಲಲ್ಲಿದ್ದ, ತನ್ನದೇ ಸಿಮ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಗೆರೆಯೊಂದು ಗೋಡೆ ಹತ್ತಿದಂತೆ ಮೇಲೇರಿತು. "ಹಳದಿಗೆ. ಬೆಳಗಿನದರ ಹತ್ತು ಪಟ್ಟು."

"ಆಟ?"

"ಆಟ ಬಿಳಿಯಲ್ಲಿ ನಡೀತಾ ಇದೆಯಲ್ಲ. ತಟ್ಟಲಿ ಬಿಡಿ. ಅಲ್ಲಿ ಯಾರೂ ಇಲ್ಲ."

ಜಾಯಿಂಟರನಿಗೆ ನಗು ಬಂತು. ಅರ್ಧ ಮುಖದಲ್ಲೇ ನಕ್ಕ. ಯಾವನೋ ಒಬ್ಬ ಎಲ್ಲೋ ಕುಳಿತು, ಲೋಕದ ಕಂಪ್ಯೂಟರುಗಳನ್ನೆಲ್ಲ ಒಟ್ಟುಗೂಡಿಸಿ, ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದಾನೆ. ಇಲ್ಲಿ ಟೀಚರ್ ಮೂಗಿನ ಮೇಲೆ ಕನ್ನಡಕ ಏರಿಸಿ ಆನೆಯನ್ನು ಮುಂದಕ್ಕೆ ತಳ್ಳುತ್ತಿದ್ದಾರೆ.

ನಾಲ್ಕೂ ಇಪ್ಪತ್ತೆರಡಕ್ಕೆ ಪರದೆ ಹೆಪ್ಪುಗಟ್ಟಿತು.

ಟೀಚರ್ ಒತ್ತಿದ ಕುದುರೆ ಎರಡು ಮನೆಗಳ ನಡುವೆ ನಿಂತುಬಿಟ್ಟಿತು. ಅವರ ಗಡಿಯಾರದಲ್ಲಿ ಉಳಿದಿದ್ದದ್ದು ಎರಡು ನಿಮಿಷ, ಎಂಟು ಸೆಕೆಂಡು.

"ಬಿಳಿ ನಂಬರೂ ಗೊತ್ತಾಯ್ತಾ?" ಜಾಯಿಂಟರ್ ಎದ್ದು ನಿಂತ.

ನಾದಿನಿಯ ಬೆರಳುಗಳು ಕೀಲಿಗಳ ಮೇಲೆ ಓಡಿದವು. "ಇಲ್ಲ ಭಾವ. ಬಿಳಿ ಚೆನ್ನಾಗಿದೆ. ದಾಳಿ ಬಂದಿರೋದು ಮನೆಯ ನಂಬರಿಗೆ."

"ಯಾವ ಮನೆ?"

"ಇದೇ ಮನೆ. ಬೆಳಿಗ್ಗೆ ಬದಲಾಯಿಸಿದ ಹೊಸ ನಂಬರಿಗೆ." ಮಾತಾಡುತ್ತಲೇ ಅವಳು ಚೀಲದಿಂದ ತನ್ನ ಮೊಬೈಲ್ ತೆಗೆದು ಟೀಚರ ಕಂಪ್ಯೂಟರಿನ ಪಕ್ಕಕ್ಕಿಟ್ಟಳು. "ಮನೆ ಲೈನೇ ಬೇಡ. ನನ್ನ ಮೊಬೈಲಿನ ಇಂಟರ್‌ನೆಟ್ ಹಿಡೀತೀನಿ, ಅದರ ಮೇಲೆ ಬಿಳಿ ವಿಪಿಎನ್ ಹಾಕ್ತೀನಿ. ಟೀಚರ್, ಕೈ ತೆಗೀಬೇಡಿ."

"ತೆಗೆದಿಲ್ಲಮ್ಮ," ಅಂದರು ಟೀಚರ್. ದನಿ ನಡುಗಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. "ಎರಡು ಸಲ ಹೀಗೇ ಕೂತಿದ್ದೆ. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ."

ಜಾಯಿಂಟರ್ ಕೈಗಡಿಯಾರ ನೋಡುತ್ತ ನಿಂತ. ಹತ್ತು ಸೆಕೆಂಡು. ಇಪ್ಪತ್ತು. ನಾದಿನಿ ಗುಪ್ತಪದ ತಪ್ಪಾಗಿ ಹೊಡೆದು, ಹಲ್ಲು ಕಚ್ಚಿ, ಮತ್ತೆ ಹೊಡೆದಳು. ನಲವತ್ತು. ಅರವತ್ತು. ಎಪ್ಪತ್ತು.

ಕುದುರೆ ಹಾರಿ ತನ್ನ ಮನೆಯಲ್ಲಿ ಕುಳಿತಿತು.

ಟೀಚರಿಗೆ ಉಳಿದಿದ್ದದ್ದು ಐವತ್ತೊಂದು ಸೆಕೆಂಡು. ಡಾಕ್ಟರು ರಾಜನನ್ನು ಪಕ್ಕಕ್ಕೆ ಸರಿಸಿದರು. ಟೀಚರ್ ಆನೆ ತಂದರು. ಡಾಕ್ಟರು ಒಂಟೆಯನ್ನು ಅಡ್ಡ ಇಟ್ಟರು. ಟೀಚರ್ ಅದನ್ನು ಮುಟ್ಟಲೇ ಇಲ್ಲ; ಮತ್ತೊಂದು ಮೂಲೆಯಿಂದ ಮಂತ್ರಿಯನ್ನು ಸೀದಾ ಇಳಿಸಿ, ಕೈ ಮಡಿಲಿಗೆ ತೆಗೆದುಕೊಂಡರು. ರಾಜನಿಗೆ ಹೋಗಲು ಜಾಗವಿರಲಿಲ್ಲ. ಗಡಿಯಾರದಲ್ಲಿ ಇನ್ನೂ ಹದಿನಾಲ್ಕು ಸೆಕೆಂಡು ಬಾಕಿ ಇತ್ತು.

ಪರದೆಯ ಕೆಳಗೆ ಡಾಕ್ಟರ ಸಂದೇಶ ಬಂತು. 'ನಮಸ್ಕಾರ ಟೀಚರ್. ಕೊನೆಗೂ ಹೊಟ್ಟೆ ತುಂಬಾ ಬಡಿಸಿದ್ರಿ.'

ಟೀಚರ್ ಅದನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಅಂಚು ಹೊಲಿದ ದಿಂಬಿನ ಚೀಲದಿಂದಲೇ ಕಣ್ಣು ಒರೆಸಿಕೊಂಡು, "ಯಾರಿಗೆ ಕಾಫಿ, ಯಾರಿಗೆ ಚಹಾ?" ಎಂದರು.

"ಯಾವುದಾದ್ರೂ ಸರಿ, ಸ್ಪೂನಿನಲ್ಲಿ ಕೊಡಿ," ಅಂದ ಜಾಯಿಂಟರ್.

*

ನಾದಿನಿ ಮಾತ್ರ ನಗಲಿಲ್ಲ. ಲೋಟ ಹಿಡಿದುಕೊಂಡು ಕೋಣೆಯ ಉದ್ದಕ್ಕೂ ಓಡಾಡಿದಳು.

"ಹೊಸ ನಂಬರು ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಇವತ್ತು ಈ ಮನೆಯಿಂದ ಆಚೆ ಹೋದ ಕರೆಯೆಲ್ಲ ವಿಪಿಎನ್ ಮೇಲೆ ಹೋಗಿದೆ. ಕಾರ್ಯದರ್ಶಿಗೂ ಗೊತ್ತಾಗೋ ದಾರಿ ಇಲ್ಲ. ಹಾಗಾದ್ರೆ ಹೊಸ ನಂಬರನ್ನ ಹೇಳಿದ್ದು ಯಾರು?"

"ಮನೆಯಲ್ಲಿದ್ದೋರು ನಾವು ಮೂರೇ ಜನ," ಅಂದ ಜಾಯಿಂಟರ್.

"ಜನ ಮೂರು. ವಸ್ತುಗಳು?" ಅವಳು ಇಂಟರ್‌ನೆಟ್ ಪೆಟ್ಟಿಗೆಯ ಪಟ್ಟಿ ತೆರೆದಳು. ಅದಕ್ಕೆ ಅಂಟಿಕೊಂಡ ಎಲ್ಲದರ ಹೆಸರೂ ಅಲ್ಲಿರುತ್ತದೆ. "ವಿಪಿಎನ್ ಇರೋದು ಕಂಪ್ಯೂಟರಿಗೆ ಮಾತ್ರ. ಬೇರೆ ಏನಾದ್ರೂ ಇದ್ದು ಅದು ನೇರವಾಗಿ ಹೊರಗೆ ಮಾತಾಡಿದ್ರೆ, ಮನೆಯ ನಂಬರು ತಾನಾಗೇ ಗೊತ್ತಾಗುತ್ತೆ. ಟೀಚರ್, ಎಣಿಸಿ. ಕಂಪ್ಯೂಟರು."

"ಒಂದು."

"ನಿಮ್ಮ ಫೋನು. ಬೆಳಿಗ್ಗೆಯಿಂದ ಅದರ ಇಂಟರ್‌ನೆಟ್ ಆಫ್ ಮಾಡಿಸಿದ್ದೀನಿ."

"ಹೂಂ."

"ಟಿವಿ. ಅದನ್ನೂ ಕಿತ್ತಿಟ್ಟಿದ್ದೀವಿ. ಈ ಪಟ್ಟಿಯಲ್ಲಿ ಇನ್ನೊಂದಿದೆ. ಹೆಸರಿಲ್ಲ. ದಿನಾ ಮಧ್ಯಾಹ್ನ ಮೂರೂವರೆಗೆ ಒಂದೇ ಒಂದು ಸಲ ಎಲ್ಲಿಗೋ ಮಾತಾಡುತ್ತೆ. ವೈರಿನಲ್ಲಿದೆ."

'ವೈರು' ಎಂಬ ಮಾತು ಕೇಳಿದ್ದೇ ಜಾಯಿಂಟರನಿಗೆ ಜೀವ ಬಂತು. ಇಷ್ಟು ಹೊತ್ತು ಅವನು ಪರರ ಊರಲ್ಲಿದ್ದ. ಈಗ ತನ್ನ ಊರಿಗೆ ಬಂದ. ಚಪ್ಪಲಿ ಬಿಟ್ಟು, ಇಂಟರ್‌ನೆಟ್ ಪೆಟ್ಟಿಗೆಯ ಹಿಂದೆ ಕೈ ಇಳಿಸಿ, ಕಣ್ಣು ಮುಚ್ಚಿ ತಂತಿಗಳನ್ನು ಎಣಿಸಿದ. ಒಂದು ಹೆಚ್ಚಿತ್ತು. ಬೆರಳ ತುದಿಯಲ್ಲೇ ಅದರ ಜಾಡು ಹಿಡಿದು ಗೋಡೆಯ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ಮೇಲಕ್ಕೆ ಹೋದ. ಚೌಕಟ್ಟಿನ ಮೂಲೆಯಲ್ಲಿ ಒಂದು ಜೋಡಣೆ ಸಿಕ್ಕಿತು.

ಅವನು ಅದನ್ನು ಸವರಿ ನಿಂತ. "ಒಳ್ಳೆ ಕೆಲಸ. ಕಲಿತವರ ಕೈ. ಇಷ್ಟು ನೀಟಾಗಿ ನನ್ನ ಹುಡುಗರೇ ಮಾಡ್ತಿರಲಿಲ್ಲ."

ತಂತಿ ಮುಗಿದದ್ದು ಬಾಗಿಲ ಮೇಲಿನ ಸಜ್ಜಾದಲ್ಲಿ, ಹಳೆಯ ಹೊಲಿಗೆ ಮಾದರಿಗಳ ಕಟ್ಟಿನ ಹಿಂದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ, ಅದರ ಮೇಲೆ ಮಿಣುಕುವ ಒಂದು ಪುಟ್ಟ ದೀಪ. ಜಾಯಿಂಟರ್ ಅದನ್ನು ಕರವಸ್ತ್ರದಲ್ಲಿ ಹಿಡಿದು ಸ್ಟೂಲಿನಿಂದ ಇಳಿದ.

"ಇದು ನನ್ನದಲ್ಲ," ಅಂದರು ಟೀಚರ್. "ಇದನ್ನ ನಾನು ಕಂಡೇ ಇಲ್ಲ."

ಡಬ್ಬಿಯ ಬೆನ್ನಿಗೆ ಒಂದು ಚೀಟಿ ಅಂಟಿತ್ತು. ಕೂಡಿಸಿದ ತಾರೀಖು, ನಾಲ್ಕು ತಿಂಗಳ ಹಿಂದಿನದು. ಪಕ್ಕದಲ್ಲಿ ನಾದಿನಿಯ ಕಂಪನಿಯ ಮುದ್ರೆ. ಕೆಳಗೆ ನೀಲಿ ಶಾಯಿಯಲ್ಲಿ ಕೂಡಿಸಿದವರ ಸಹಿ.

ನಾದಿನಿ ಅದನ್ನು ಬೆಳಕಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಭಾವ," ಅಂದಳು ಮೆಲ್ಲಗೆ. "ಇದು ನನ್ನ ಸಹಿ."

ಜಾಯಿಂಟರ್ ಚೀಟಿಯನ್ನೂ ಅವಳ ಮುಖವನ್ನೂ ನೋಡಿದ. ಸಹಿ ಅವಳದೇ ಹೌದು. ಕೊನೆಯ ಅಕ್ಷರದ ಬಾಲ ಎಳೆಯುವ ರೀತಿಯೂ ಅವಳದೇ. ಆದರೆ ಆ ತಾರೀಖು ಅವನಿಗೆ ಚೆನ್ನಾಗಿ ನೆನಪಿತ್ತು. ಬಸ್ಸಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ನಾದಿನಿ ಆ ವಾರವೆಲ್ಲ ಅವನ ಮನೆಯ ಸೋಫಾದ ಮೇಲೆ, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಮನೆಮಂದಿಗೆಲ್ಲ ಅಪ್ಪಣೆ ಕೊಡುತ್ತ ಮಲಗಿದ್ದಳು. ಅವಳಿಗೆ ಹೊತ್ತು ಹೊತ್ತಿಗೆ ಹಣ್ಣು ಹೆಚ್ಚಿಕೊಟ್ಟವನು ಅವನೇ.

"ನೀನು ಬರೆದದ್ದಲ್ಲ," ಅಂದ. "ಆವತ್ತು ನೀನು ಸ್ಟೂಲು ಹತ್ತೋದಿರಲಿ, ನಿಲ್ಲೋಕೂ ಆಗ್ತಿರಲಿಲ್ಲ."

ಅವಳ ಹೆಗಲು ಸಡಿಲಾಯಿತು. ಅವನು ಟೀಚರ ಕಡೆ ತಿರುಗಿದ. "ಟೀಚರ್, ನಾಲ್ಕು ತಿಂಗಳ ಹಿಂದೆ ಯಾರಾದ್ರೂ ಇಲ್ಲಿಗೆ ಬಂದು ಏನಾದ್ರೂ ಕೆಲಸ ಮಾಡಿದ್ರಾ?"

ಟೀಚರ್ ಹುಬ್ಬು ಗಂಟಿಕ್ಕಿ ಯೋಚಿಸಿದರು. ಆಮೇಲೆ ಮುಖ ಅರಳಿತು. "ಬಂದಿದ್ದಳಲ್ಲ. ಲೈನ್ ಚೆಕ್ ಮಾಡೋಕೆ ಅಂತ. ಏಣಿ ಅವಳೇ ತಂದಿದ್ದಳು. ಒಳ್ಳೆ ಲಕ್ಷಣವಾದ ಹುಡುಗಿ, ಮಾತು ಅಂದ್ರೆ ಮಾತು. ನಾನು ಅಡುಗೆಮನೆಯಿಂದ ಬರೋದ್ರಲ್ಲಿ ಕೆಲಸ ಮುಗಿಸಿದ್ದಳು."

"ಏನು ಹೇಳಿದಳು?"

"'ಮುಂದೆ ಲೈನಿಗೆ ಏನಾದ್ರೂ ತೊಂದರೆ ಆದ್ರೆ ಬೇರೆ ಎಲ್ಲೂ ಹೋಗಬೇಡಿ, ಜಾಯಿಂಟರ್ ಅಂಗಡಿಗೆ ಹೋಗಿ. ಅವರು ನಮ್ಮ ಭಾವ' ಅಂದಳು. ಅದಕ್ಕೇ ಅಲ್ವಾ ನಾನು ನೇರವಾಗಿ ನಿಮ್ಮ ಹತ್ರ ಬಂದದ್ದು." ಟೀಚರ್ ನಾದಿನಿಯ ಕೈ ಹಿಡಿದು ನಕ್ಕರು. "ಮೊನ್ನೆ ನೀನು ಬಂದಾಗ, ಇವಳು ಇನ್ನೊಬ್ಬ ತಂಗಿ ಇರಬೇಕು ಅಂದ್ಕೊಂಡೆ. ಅಕ್ಕತಂಗಿಯರು ಎಷ್ಟು ಜನಮ್ಮ ನೀವು?"

ನಾದಿನಿ ಜಾಯಿಂಟರನ ಕಡೆ ನೋಡಿದಳು. ಮರಗಟ್ಟಿದ್ದ ಅವನ ಕೆನ್ನೆಗೆ ಆಗಷ್ಟೇ ನೋವು ಮರಳತೊಡಗಿತ್ತು. ಅದು ಅವನಿಗೆ ತಿಳಿಯಲೇ ಇಲ್ಲ.

ಅವನ ಹೆಂಡತಿಗೆ ಇದ್ದದ್ದು ಒಬ್ಬಳೇ ತಂಗಿ.